ಎರಡು ಕರ್ಚೀಫಿನ ಮ್ಯಾನೇಜರು

ಕನ್ನಡಕದ ಒಂದು ಕಾಲು ಮುರಿದಿತ್ತು; ಆ ಕಡೆ ಬಿಳಿ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಆದರೆ ಪ್ಯಾಂಟಿನ ಎರಡೂ ಜೇಬಿನಲ್ಲಿ ಇಸ್ತ್ರಿ ಮಾಡಿದ ಕರ್ಚೀಫು ಇರಲೇಬೇಕು. “ಎಡಗಡೀದು ನನಗ, ಬಲಗಡೀದು ಮಂದಿಗೆ,” ಎನ್ನುತ್ತಿದ್ದರು. ಮಂದಿಗೆ ಕೊಟ್ಟದ್ದನ್ನು ವಾಪಸು ಕೇಳುತ್ತಿರಲಿಲ್ಲ.

ಅವರು ತೆಲುಗು ಸೀಮೆಯ ಗಾಜುವಾಕದಲ್ಲಿ ನಮ್ಮ ಬ್ಯಾಂಕಿನ ಮ್ಯಾನೇಜರು, ಧಾರವಾಡದ ಕಡೆಯವರು. ನಾನು ತುಮಕೂರಿನಿಂದ ವರ್ಗವಾಗಿ ಹೋದ ಕ್ಲರ್ಕು. ಹೋಗಿ ಎರಡು ತಿಂಗಳಿಗೇ ವಾರ್ಡಿನ ಚುನಾವಣೆ ಬಂತು. ಇಬ್ಬರಿಗೂ ಒಂದೇ ಶಾಲೆಯ ಮತಗಟ್ಟೆಯಲ್ಲಿ ಡ್ಯೂಟಿ ಬಿತ್ತು; ಅಲ್ಲಿನ ಅಧಿಕಾರಿ ಅವರೇ. ಅದೇ ವಾರ ಊರಿಗೆಲ್ಲ ಮದ್ರಾಸ್ ಐ. ಮನೆಗಿಬ್ಬರು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು.

ಬೆಳಿಗ್ಗೆಯೇ ಅವರು ಬಾಗಿಲಲ್ಲಿ ಬಕೆಟ್ಟು, ಸೋಪು ಇಡಿಸಿದರು. ಮತ ಒತ್ತುವ ಮುದ್ರೆಯ ಹಿಡಿಯನ್ನು ಪ್ರತಿಯೊಬ್ಬರ ನಂತರವೂ ಸೋಪುನೀರಿನ ಬಟ್ಟೆಯಿಂದ ಒರೆಸಬೇಕೆಂದು ಕಟ್ಟಪ್ಪಣೆ. ಅಭ್ಯರ್ಥಿಯ ಏಜೆಂಟನೊಬ್ಬ, ಕೆಂಗಣ್ಣಿನವರಿಗೆ ಬೇರೆ ಪೆಟ್ಟಿಗೆ ಇಡಿ ಎಂದು ಪಟ್ಟು ಹಿಡಿದ. ಅವನಿಗೆ ತೆಲುಗಿನಲ್ಲಿ ಆಗುವುದಿಲ್ಲವೆಂದು ಹೇಳಿ, ನನ್ನ ಕಡೆ ತಿರುಗಿದರು: “ಹತ್ತು ಮಂದೀದು ಬ್ಯಾರೆ ಪೆಟ್ಟಿಗಿ ಇಟ್ರ, ಅವರು ಯಾರಿಗೆ ಹಾಕ್ಯಾರಂತ ಊರಿಗೇ ಗೊತ್ತಾಗತೈತಿ. ಪೆಟ್ಟಿಗಿ ಒಂದ, ಸಾಲೂ ಒಂದ. ನೋಡಿದ್ರ ಬರೂದಲ್ಲ ತಂಗಿ ಇದು, ಮುಟ್ಟಿದ್ರ ಬರೂದು. ಕೈ ತೊಳದ್ರ ಮುಗೀತು.”

ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ನಾಲ್ಕೂವರೆ ದಾಟಿತ್ತು. ಅವರು ಬಕೆಟ್ಟಿನ ನೀರು ಬದಲಾಯಿಸಲು ನಲ್ಲಿಯ ಹತ್ತಿರ ಹೋಗಿದ್ದರು. ತಲೆ ತುಂಬ ಸೆರಗು, ಕಪ್ಪು ಕನ್ನಡಕ ಹಾಕಿದ ಮೀನು ಮಾರುವ ಹೆಂಗಸೊಬ್ಬಳು ನನ್ನೆದುರು ಬಂದು ನಿಂತಳು. ಹಿಂದಿನಿಂದ ಸಾಲು ಕೂಗಿತು: “ಕಳ್ಳಕಲಕ! ಕಳ್ಳಕಲಕ!”

ಕಳ್ಳ! ಯಾರದೋ ಹೆಸರಿನಲ್ಲಿ ಕಳ್ಳವೋಟು ಹಾಕಲು ಬಂದಿದ್ದಾಳೆ. “ಕಳ್ಳನಾ?” ಎಂದೆ. ಅವಳು ತಲೆ ತಗ್ಗಿಸಿ “ಅವುನಮ್ಮಾ” ಎಂದಳು. ಹೌದಂತೆ! ಒಪ್ಪಿಕೊಂಡೇಬಿಟ್ಟಳಲ್ಲ ಎಂದು ಬಾಗಿಲ ಕಡೆ ಕೈ ತೋರಿಸಿದೆ. ಸಾಲಿನವರು ದೂರ ಸರಿದು ಉಶ್ ಉಶ್ ಎಂದು ಅಟ್ಟಿದರು. ಅವಳು ಸೆರಗು ಎಳೆದುಕೊಂಡು ಹೊರಟುಹೋದಳು.

ಮ್ಯಾನೇಜರು ಬಂದಾಗ ನಾನು ಹೆಮ್ಮೆಯಿಂದಲೇ ವರದಿ ಒಪ್ಪಿಸಿದೆ. ಅವರು ದಾರದ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಅಯ್ಯ ತಂಗೀ, ನಮ್ಮ ಕಳ್ಳ ಬ್ಯಾರೆ, ಇವರ ಕಳ್ಳು ಬ್ಯಾರೆ. ಇವರ ಕಳ್ಳು ಅಂದ್ರ ಕಣ್ಣು! ಮದ್ರಾಸ್ ಐಗೆ ಕಳ್ಳಕಲಕ ಅಂತಾರ. ನನಗ ಕಣ್ಣುಬ್ಯಾನಿ ಐತಿ ಅಂತ ಖರೇ ಹೇಳಿದಾಕೀನ್ನ ಹೊರಗ ಹಾಕೀಯಲ್ಲ!” ಗಡಿಯಾರ ನೋಡಿದರು. “ನಾ ಮತಗಟ್ಟಿ ಬಿಟ್ಟು ಬರಂಗಿಲ್ಲ. ಶಾಯಿ ನಾ ನೋಡ್ಕೋತೀನಿ. ಐದರೊಳಗ ಆಕಿ ಸಾಲಿನ್ಯಾಗ ಇರಬೇಕು. ಓಡು.” ಬಲಜೇಬಿನ ಕರ್ಚೀಫನ್ನು ನನ್ನ ಕೈಗಿಟ್ಟರು.

ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು; ಬೇನೆಯದೋ, ನಾನು ಇಳಿಸಿದ್ದೋ. “ರಾನು,” ಎಂದಳು, ಬರುವುದಿಲ್ಲ. ಅಟ್ಟಿದವರ ಎದುರಿಗೇ ಕರೆದರೆ ಬರುತ್ತೇನೆ ಎಂದು ಮಾತಿಗೆ ಕೈಸನ್ನೆ ಸೇರಿಸಿ ತಿಳಿಸಿದಳು. ಕರ್ಚೀಫು ಕೊಟ್ಟು ಕರೆತಂದೆ. ಬಾಗಿಲಲ್ಲಿ ನಿಂತು, ಬಂದಷ್ಟು ತೆಲುಗಿನಲ್ಲಿ ಇಡೀ ಸಾಲಿಗೆ ಕೇಳುವಂತೆ ಹೇಳಿದೆ: “ತಪ್ಪು ನಾದಿ. ರಂಡಮ್ಮಾ.” ತಪ್ಪು ನನ್ನದು, ಬನ್ನಿ ತಾಯಿ. ಅವಳು ಸೋಪು ಹಾಕಿ ನಿಧಾನವಾಗಿ, ಎರಡೆರಡು ಸಲ ಕೈ ತೊಳೆದಳು. ಐದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಪೆಟ್ಟಿಗೆಗೆ ಚೀಟಿ ಹಾಕುವಾಗ ಅವಳು ಸೆರಗನ್ನು ತಲೆಯಿಂದ ಇಳಿಸಿದ್ದಳು.

ಮಾರನೆಯ ದಿನ ಅವರು ನನಗೊಂದು ಪಾಠ ಹೇಳಿದರು: “ತಿಳೀತು ಅನಿಸಿದ್ರೂ ‘ಮಳ್ಳೀ ಚೆಪ್ಪಂಡಿ’ ಅನ್ನು. ಮಳ್ಳಿ ನಮ್ಮಲ್ಲಿ ಬೈಗಳ, ಇಲ್ಲಿ ‘ಮತ್ತೊಮ್ಮೆ’ ಅಂತ ಅರ್ಥ. ಮತ್ತೊಮ್ಮೆ ಹೇಳ್ರಿ ಅಂದ್ರ ಯಾರೂ ಸಣ್ಣವರಾಗೂದಿಲ್ಲ.”

ಮುಂದೆ ವಿಜಯವಾಡಕ್ಕೆ ವರ್ಗವಾಗಿ, ನಿವೃತ್ತರಾದ ಮೇಲೂ ಬೆಂಜ್ ಸರ್ಕಲ್ಲಿನ ಹತ್ತಿರವೇ ಉಳಿದರು. ಕಣ್ಣಿನ ಪೊರೆ ತೆಗೆಸಿಕೊಂಡಾಗ ನೋಡಲು ಹೋಗಿದ್ದೆ. ಕಪ್ಪು ಕನ್ನಡಕ ಹಾಕಿ ಮಲಗಿದ್ದವರು ನನ್ನ ದನಿ ಕೇಳಿ ನಕ್ಕರು: “ಬಾರವಾ. ಇವತ್ತು ಕಳ್ಳ ನಾನ.” ಅದೇ ಕೊನೆಯ ಭೇಟಿ. ವರ್ಷ ತುಂಬುವುದರೊಳಗೆ ತೀರಿಕೊಂಡರು.

ಈಗ ನನ್ನ ಚೀಲದಲ್ಲೂ ಎರಡು ಕರ್ಚೀಫು ಇರುತ್ತವೆ. ಕೌಂಟರಿನ ಆಚೆ ಯಾರಾದರೂ ತಲೆ ತಗ್ಗಿಸಿ ಏನಾದರೂ ಹೇಳಿದರೆ, ನನಗೆ ಚೆನ್ನಾಗಿ ಅರ್ಥವಾಗಿದ್ದರೂ, ಕಿಟಕಿಯತ್ತ ಬಾಗುತ್ತೇನೆ: “ಮಳ್ಳೀ ಚೆಪ್ಪಂಡಿ.”