ಸಿಪ್ಪೆರಾಯರು ಹೇಳದೆ ಉಳಿಸಿದ ಮಾತು

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸಿಪ್ಪೆರಾಯರು ಅಂತಲೇ ರೂಢಿ. ಕ್ಯಾರೆಟ್ಟಿಗೆ ಚಾಕು ಇಟ್ಟರೆ ಹೊರಗಿನ ಅರ್ಧ ಕಸದ ಬುಟ್ಟಿಗೆ, ಒಳಗಿನ ಅರ್ಧ ಪಾತ್ರೆಗೆ. ಸೇಬೂ ಬೋಳು, ಸೌತೆಕಾಯಿಯೂ ಬೋಳು. ಸೊಪ್ಪನ್ನಂತೂ ಮುಕ್ಕಾಲು ಗಂಟೆ ಕುದಿಸಿ, ಹಸಿರು ನೀರನ್ನೆಲ್ಲ ಮೋರಿಗೆ ಬಸಿದು, ಬಣ್ಣಗೆಟ್ಟು ಉಳಿದದ್ದನ್ನು ರೋಗಿಗಳ ತಟ್ಟೆಗೆ ಹಾಕುತ್ತಿದ್ದರು. ಬಣ್ಣ ಹೋದಷ್ಟೂ ಶುದ್ಧ ಎಂಬುದು ಅವರ ಸಿದ್ಧಾಂತ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಆ ಮಹಾನುಭಾವರ ಕಿವಿಗೆ ಬಿದ್ದೇ ಇರಲಿಲ್ಲ. ಮೂವತ್ತೊಂದು ವರ್ಷ ಹೀಗೇ ನಡೆಯಿತು.

ಮನೆಯಲ್ಲೂ ಸೌಟು ಅವರ ಕೈಯಲ್ಲೇ. ಹೆಂಡತಿ ಅಂಚೆ ಕಚೇರಿಯಲ್ಲಿ ದಿನವಿಡೀ ಕಾಗದ ವಿಂಗಡಿಸಿ ಬರುವಷ್ಟರಲ್ಲಿ ತಟ್ಟೆ ಸಿದ್ಧವಿರುತ್ತಿತ್ತು. "ಒಂದಿನ ಸೊಪ್ಪನ್ನ ಹಸಿರಾಗೇ ಬಿಡಿ ರೀ" ಎಂದು ಆಕೆ ಅಂದರೆ, "ನೀನೇನು ಮೇಕೆನಾ?" ಎನ್ನುತ್ತಿದ್ದರು. ಆಕೆ ನಕ್ಕು ಉಣ್ಣುತ್ತಿದ್ದಳು.

ನಿವೃತ್ತಿಗೆ ಇನ್ನೂ ಹತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ, ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಆಹಾರ ತಜ್ಞೆ ಅಡುಗೆಮನೆಗೆ ಬಂದು ಮೋರಿಯ ಹತ್ತಿರ ನಿಂತಳು. "ರಾಯರೇ, ಎಷ್ಟೋ ಪೋಷಕಾಂಶ ಈ ನೀರಿನ ಜೊತೆ ಹೋಗುತ್ತೆ, ಇನ್ನೆಷ್ಟೋ ಸಿಪ್ಪೆ ಜೊತೆ. ಸೊಪ್ಪಿನ ಬಣ್ಣದಲ್ಲಿ ಕಣ್ಣಿಗೆ ಬೇಕಾದ್ದೂ ಇದೆ. ಸ್ವಲ್ಪ ಕಮ್ಮಿ ಬೇಯಿಸಿ."

"ಬಣ್ಣ ಗೋಡೆಗೆ ಮೇಡಂ, ಹೊಟ್ಟೆಗಲ್ಲ" ಅಂದರು ಸಿಪ್ಪೆರಾಯರು. ಪಾತ್ರೆ ತೊಳೆಯುವವರೂ ಬಿದ್ದು ಬಿದ್ದು ನಕ್ಕರು. ಆಕೆ ಮತ್ತೆ ಅತ್ತ ತಲೆ ಹಾಕಲಿಲ್ಲ. ಈ ಸಂಗತಿಯನ್ನು ರಾಯರು ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಹೆಂಡತಿ ಮೇಡಂ ಪಕ್ಷ ಹಿಡಿಯುತ್ತಾಳೆಂದು ಗೊತ್ತಿತ್ತು. ಹಾಳು ಜಂಬ, ಇನ್ನೇನು.

ರಾಯರು ನಿವೃತ್ತರಾದ ಮರುವರ್ಷ ಹೆಂಡತಿಯ ನೋಟ ನಟ್ಟನಡುವೆ ಮಸುಕಾಗತೊಡಗಿತು. ಮೊದಲು ಅಕ್ಷರ ಹೋಯಿತು, ಆಮೇಲೆ ಎದುರಿಗೆ ಕೂತವರ ಮುಖ. ಅಂಚು ಮಾತ್ರ ಉಳಿಯಿತು. ಯಾರನ್ನಾದರೂ ನೋಡಬೇಕಾದರೆ ಆಕೆ ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು.

ಕಣ್ಣಿನ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. "ವಯಸ್ಸು, ವಂಶ, ಎಲ್ಲಾ ಸೇರುತ್ತೆ. ಊಟ ಬೇರೆ ಥರ ಇದ್ದಿದ್ರೆ ಬರ್ತಾನೇ ಇರಲಿಲ್ಲ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಸೊಪ್ಪು, ಬಣ್ಣದ ಹಣ್ಣು ಚೆನ್ನಾಗಿ ತಿನ್ನೋರಲ್ಲಿ ಇದು ಸ್ವಲ್ಪ ಕಡಿಮೆ. ಇನ್ಮೇಲಾದ್ರೂ ತಿನ್ನಲಿ."

ಆ 'ಸ್ವಲ್ಪ'ವನ್ನೇ ಸಿಪ್ಪೆರಾಯರು ಮನೆಯವರೆಗೂ ಲೆಕ್ಕ ಹಾಕುತ್ತ ಬಂದರು. ಸ್ವಲ್ಪ ಅಂದರೆ ಎಷ್ಟು? ಒಂದು ವರ್ಷದ ಓದೇ? ಗಂಡನ ಮುಖ ಇನ್ನೆರಡು ವರ್ಷ ಕಾಣುವಷ್ಟೇ?

ಮರುದಿನ ಸೊಪ್ಪನ್ನು ಎರಡೇ ನಿಮಿಷ ಬಾಡಿಸಿದರು. ಕ್ಯಾರೆಟ್ಟನ್ನು ಉಜ್ಜಿ ತೊಳೆದು ಸಿಪ್ಪೆ ಸಮೇತ ಹೆಚ್ಚಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ಅನ್ನಿಸಿ, ಒಲೆಯ ಮುಂದೆ ನಿಂತೇ ಅತ್ತರು.

ಆಕೆ ಎರಡು ತುತ್ತು ತಿಂದಳು. "ಚೆನ್ನಾಗಿದೆ ರೀ. ಇಷ್ಟು ವರ್ಷ ಯಾಕೆ ಹೀಗೆ ಮಾಡ್ಲಿಲ್ಲ? ಪಾಪ, ನಿಮಗೂ ಗೊತ್ತಿರಲಿಲ್ಲ."

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಅನ್ನಲು ಬಾಯಿಯೂ ತೆರೆದಿದ್ದರು.

"ಗೊತ್ತಿತ್ತು ಕಣೇ" ಎಂದರು. "ಹನ್ನೆರಡು ವರ್ಷದ ಹಿಂದೇನೇ ಒಬ್ಬರು ಹೇಳಿದ್ರು. ಕಣ್ಣಿನ ವಿಷ್ಯಾನೂ ಹೇಳಿದ್ರು. ನಾನು ತಮಾಷೆ ಮಾಡಿ ಕಳಿಸ್ದೆ."

ಆಕೆಯ ಕೈ ತಟ್ಟೆಯ ಮೇಲೇ ನಿಂತಿತು. ಮುಖ ನಿಧಾನವಾಗಿ ಪಕ್ಕಕ್ಕೆ ತಿರುಗಿತು. ತಮ್ಮನ್ನು ನೋಡಲೆಂದು ತಿರುಗಿದಳೋ, ನೋಡಬಾರದೆಂದು ತಿರುಗಿದಳೋ ಸಿಪ್ಪೆರಾಯರಿಗೆ ತಿಳಿಯಲಿಲ್ಲ.