ಇಲ್ಲದ ಬಾಣಂತಿಗೆ ಕುಟ್ಟಿದ ಖಾರ

ದಿನದ ಬಾಡಿಗೆಗೆ ಮನೆ ಕೊಡುವವರಿಗೆ ಏನೇನು ಹಕ್ಕಿದೆ ಎಂದು ನನ್ನನ್ನು ಕೇಳಿ. ಒಡೆದ ಲೋಟಕ್ಕೆ, ಕಲೆಯಾದ ಬೆಡ್‌ಶೀಟಿಗೆ, ಮುರಿದ ರಿಮೋಟಿಗೆ ಪರಿಹಾರ ಕೇಳುವ ಹಕ್ಕಿದೆ. ಅದರಾಚೆಗೆ ಏನಾದರೂ ಹಾಳಾದರೆ, ಹಾಳಾದದ್ದು ಏನು ಎಂಬುದೇ ಮನೆ ಬುಕ್ ಮಾಡಿಸುವ ಆ್ಯಪಿನವರಿಗೆ ತಿಳಿಯುವುದಿಲ್ಲ.

ಕಗ್ಗದಾಸಪುರದಲ್ಲಿ ನಮ್ಮದು ಹಳೇ ಮನೆ. ಸುತ್ತಲಿದ್ದ ರಾಗಿ ಹೊಲ, ಸೊಪ್ಪಿನ ಮಡಿಗಳೆಲ್ಲ ಸೈಟುಗಳಾಗಿ, ಸೈಟುಗಳ ಮೇಲೆ ಬಿಲ್ಡಿಂಗುಗಳೆದ್ದು, ಈಗ ನಮ್ಮ ಹಿತ್ತಲಿಗೆ ಬಿಸಿಲು ಬೀಳುವುದು ನಡುಮಧ್ಯಾಹ್ನ ಮಾತ್ರ. ಕೆಳಗೆ ಅಮ್ಮ ಮತ್ತು ನಾನು. ಮಹಡಿಯ ಕೋಣೆಗಳನ್ನು ದಿನದ ಲೆಕ್ಕದಲ್ಲಿ ಕೊಡುತ್ತೇನೆ. ಬರುವವರಿಗೆ ಕೋಣೆಗಿಂತ ಹಿತ್ತಲಿನ ಒರಳು ಕಲ್ಲಿನ ಮೇಲೆ ಪ್ರೀತಿ ಹೆಚ್ಚು. ಅದರ ಪಕ್ಕ ಕುಂತು, ನಿಂತು, ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ಏನು ಕುಟ್ಟುತ್ತೀರಿ ಎಂದು ಕೇಳುವಷ್ಟು ಪುರುಸೊತ್ತು ಅವರಲ್ಲಿ ಯಾರಿಗೂ ಇಲ್ಲ.

ಕುಟ್ಟುವುದು ಬಾಣಂತಿ ಖಾರ. ಮೆಣಸು, ಒಣಶುಂಠಿ, ಹಿಪ್ಪಲಿ, ಓಮ, ಕೊಬ್ಬರಿ, ಬೆಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅಮ್ಮನಿಗೆ ಹೇಳಿಕಳಿಸುತ್ತಿದ್ದರು. ಅಮ್ಮ ಮೊದಲು ಹೋಗಿ ಬಾಣಂತಿಯನ್ನೂ ಕೂಸನ್ನೂ ನೋಡುವಳು. ಆಪರೇಷನ್ನೋ ಅಲ್ಲವೋ, ಹಾಲು ಬರುತ್ತಿದೆಯೋ, ಕೂಸಿನ ಹೊಟ್ಟೆ ಹೇಗಿದೆ ಎಂದು ವಿಚಾರಿಸಿಕೊಂಡು, ಅದಕ್ಕೆ ತಕ್ಕಂತೆ ಮೆಣಸು ಹೆಚ್ಚುಕಡಿಮೆ ಮಾಡಿ ಕುಟ್ಟುವಳು. ನೋಡದೆ ಕೊಟ್ಟವಳಲ್ಲ, ಕೊಟ್ಟು ದುಡ್ಡು ಮುಟ್ಟಿದವಳಲ್ಲ. ಬಾಣಂತಿಯಿಂದ ದುಡ್ಡು ತಗೊಂಡರೆ ಖಾರ ಮೈಗೆ ಹತ್ತುವುದಿಲ್ಲ ಎಂದು ಅವಳ ಅತ್ತೆ ಹೇಳಿದ್ದರಂತೆ. ನನಗೆ ಅದರಲ್ಲಿ ನಂಬಿಕೆ ಇದೆಯೋ ಇಲ್ಲವೋ, ಬೀದಿಗೆ ಅಮ್ಮನಲ್ಲಿ ನಂಬಿಕೆ ಇತ್ತು.

ಆ ಸಲ ಬಂದವರು ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಎರಡು ದಿನದ ವಾಸಕ್ಕೆ ಅಷ್ಟೊಂದು ಪೆಟ್ಟಿಗೆ ಯಾಕೆ ಎಂದು ಕೇಳಿದ್ದಕ್ಕೆ ಬಟ್ಟೆಬರೆ ಅಂದರು. ನಾನು ಅವರಂಥವರು ಉಳಿಯುವ ಕೋಣೆಗಳ ಕಿಟಕಿಗಳಿಗೇ ಪರದೆ ಬಟ್ಟೆ ತರಲು ಶಿವಾಜಿನಗರಕ್ಕೆ ಹೋದೆ. ರೈಲ್ವೇ ಗೇಟು ದಾಟಿ ವಾಪಸು ಬರುವ ಹೊತ್ತಿಗೆ ಅಮ್ಮ ಹಬ್ಬದ ಸೀರೆ ಉಟ್ಟುಕೊಂಡು, ಬೆವರಿಳಿಸುತ್ತ, ಹಿತ್ತಲಲ್ಲಿ ಒನಕೆ ಹಿಡಿದಿದ್ದಳು. ಸುತ್ತ ಮೂರು ಕಡೆಯಿಂದ ಲೈಟು.

ಹುಡುಗಿಯ ಅಕ್ಕನಿಗೆ ಹಲಸೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆಯಂತೆ, ತಾಯಿ ಇಲ್ಲವಂತೆ, ಹೇಳಿಕೊಡುವವರು ಯಾರೂ ಇಲ್ಲವಂತೆ. ಬಾಣಂತಿಯನ್ನು ನೋಡದೆ ಕೊಡುವುದಿಲ್ಲ ಎಂದು ಅಮ್ಮ ಹೇಳಿದ್ದಾಳೆ. ನಾಳೆ ಕರೆದುಕೊಂಡು ಬರುತ್ತೇವೆ, ಇವತ್ತು ಕುಟ್ಟುವುದನ್ನು ವಿಡಿಯೋ ಮಾಡಿಕೊಳ್ಳುತ್ತೇವೆ, ಅಕ್ಕ ನೋಡಿ ಕಲಿಯಲಿ ಅಂದಿದ್ದಾರೆ. ಬಾಣಂತಿಯನ್ನು ಕಾಯಿಸುವುದು ಅಮ್ಮನ ಕೈಲಾಗದ ಕೆಲಸ. ಒಳ್ಳೆ ಸೀರೆ ಉಟ್ಟುಕೊಳ್ಳಿ ಅಂದಾಗಲೂ ಅವಳಿಗೆ ಅನುಮಾನ ಬರಲಿಲ್ಲ.

ಮರುದಿನ ಬೆಳಿಗ್ಗೆ ಆ ಮೂವರು ಬೀಗದ ಕೈಯನ್ನು ಕಾಲೊರಸಿನ ಕೆಳಗಿಟ್ಟು ಹೊರಟುಹೋಗಿದ್ದರು. ಅಮ್ಮ ಖಾರದ ಬಟ್ಟಲಿಗೆ ತಟ್ಟೆ ಮುಚ್ಚಿಟ್ಟು ಬಾಣಂತಿಗಾಗಿ ಕಾದಳು. ಸಂಜೆಯಾದರೆ ಗೇಟಿನ ಕಡೆ ನೋಡುವಳು. ಬಾಣಂತಿಗೆ ಜ್ವರಗಿರ ಬಂದಿರಬೇಕು ಪಾಪ ಎಂದು ನನ್ನ ಹತ್ತಿರ ಹೇಳಿಕೊಂಡು ಮರುಗುವಳು.

ಆಮೇಲೆ ಆ ವಿಡಿಯೋ ಎಲ್ಲರ ಫೋನಿನಲ್ಲೂ ಬಂತು. ನಮ್ಮ ಹಿತ್ತಲು, ನಮ್ಮ ಒರಳು, ನಮ್ಮಮ್ಮ. ಹಿಂದೆ ಯಾರೋ ಕೊಳಲು ಊದುತ್ತಿದ್ದಾರೆ; ನಮ್ಮ ಬೀದಿಯಲ್ಲಿ ಬೋರ್‌ವೆಲ್ ಲಾರಿಯ ಸದ್ದು ಬಿಟ್ಟು ಬೇರೆ ಸಂಗೀತ ನಾನು ಕೇಳಿದ್ದಿಲ್ಲ. ಅಮ್ಮ ಕ್ಯಾಮೆರಾ ನೋಡಿ, "ನನ್ ಖಾರ ತಿಂದ ಬಾಣಂತಿ ಸೊಂಟನೋವು ಅಂದಿದ್ದಿಲ್ಲ" ಅನ್ನುತ್ತಾಳೆ. ಆ ಮಾತು ಮುಗಿಯುವುದರೊಳಗೆ ಪರದೆಯ ತುಂಬ ಬಾಣಂತಿ ಖಾರ ಎಂದು ಬರೆದ ಬಣ್ಣದ ಪ್ಯಾಕೆಟ್ಟು. ಒಳಗಿನ ಪುಡಿಯನ್ನು ಯಾವ ಮೆಷಿನ್ನು ಬೀಸಿತೋ, ಅಮ್ಮ ಕಂಡವಳಲ್ಲ.

ವಿಡಿಯೋದ ಒರಳನ್ನು ಆ್ಯಪಿನಲ್ಲಿದ್ದ ನಮ್ಮ ಮನೆಯ ಫೋಟೊದಲ್ಲಿ ಗುರುತು ಹಿಡಿದು ಮಹದೇವಪುರದ ಅಪಾರ್ಟ್‌ಮೆಂಟಿನ ಹೆಂಗಸೊಬ್ಬಳು ಹಸುಗೂಸನ್ನೆತ್ತಿಕೊಂಡು ಬಂದಳು. ಪ್ಯಾಕೆಟ್ಟಿನ ಖಾರ ತಿನ್ನಲು ಶುರುಮಾಡಿದಾಗಿನಿಂದ ಹೊಟ್ಟೆ ಉರಿಯಂತೆ, ಮಗು ಅಳು ನಿಲ್ಲಿಸುತ್ತಿಲ್ಲವಂತೆ. "ನಿಮ್ಮನ್ನ ನೋಡಿ ತಗೊಂಡೆ ಅಜ್ಜಿ" ಅಂದಳು. ಆಪರೇಷನ್ ಆದವಳು. ಅದನ್ನು ತಿನ್ನಬೇಡ, ಡಾಕ್ಟರ ಹತ್ತಿರ ಹೋಗು ಎಂದು ಅಮ್ಮ ಕಳಿಸಿಕೊಟ್ಟಳು. ಅವತ್ತು ಅಮ್ಮ ಊಟ ಮಾಡಲಿಲ್ಲ.

ಆ್ಯಪಿನ ಸಹಾಯವಾಣಿಗೆ ಫೋನು ಮಾಡಿದರೆ, ಪೀಠೋಪಕರಣಕ್ಕೇನಾದರೂ ಹಾನಿಯಾಗಿದೆಯಾ ಎಂದು ಜೇನಿನಂಥ ದನಿಯಲ್ಲಿ ವಿಚಾರಿಸಿದರು. ಪ್ಯಾಕೆಟ್ಟಿನ ಕಂಪನಿಯವನು ಅವರಿಗಿಂತ ಜಾಣ. ನಿಮ್ಮ ಪ್ರಾಪರ್ಟಿಗೆ ಬಿಟ್ಟಿ ಪ್ರಚಾರ ಸಿಕ್ಕಿದೆ ಮೇಡಂ, ಖುಷಿಪಡಿ ಅಂದ. ಅಮ್ಮ ನಕ್ಕೊಂಡು ಮಾತಾಡಿದ್ದಾರಲ್ಲ, ಅದೇ ಒಪ್ಪಿಗೆ ಎಂದೂ ಸೇರಿಸಿದ. ನಗುವುದು ಸಹಿ ಹಾಕಿದ ಹಾಗೆ ಎಂದು ಮೊದಲೇ ಗೊತ್ತಿದ್ದರೆ ನಮ್ಮ ಮನೆಯಲ್ಲಿ ಎಲ್ಲರೂ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದೆವು. ವಕೀಲಿ ಮಾಡುವ ನಮ್ಮ ನೆಂಟರೊಬ್ಬರು ಸರಿಯಾದ ಮಾತು ಹೇಳಿದರು: ಬಾಡಿಗೆ ಕೊಟ್ಟವರು ಉಳಿದುಕೊಳ್ಳುವ ಹಕ್ಕನ್ನು ಪಡೆಯುತ್ತಾರೆಯೇ ಹೊರತು ಮನೆಯನ್ನಾಗಲಿ, ಮನೆಯವರ ಮುಖವನ್ನಾಗಲಿ ಮಾರಾಟಕ್ಕಿಡುವ ಹಕ್ಕನ್ನಲ್ಲ. ಕಂಪನಿಗೂ ಆ ಮೂವರಿಗೂ ನೋಟಿಸು ಹೋಯಿತು.

ನೋಟಿಸು ಮುಟ್ಟಿದ ಮೇಲೆ ಆ ಹುಡುಗಿ ತಾನಾಗಿ ಫೋನು ಮಾಡಿದಳು. ನಾನು ಬಾಯಿಗೆ ಬಂದದ್ದನ್ನೆಲ್ಲ ಅನ್ನಲು ತಯಾರಾಗಿದ್ದೆ. ಅಷ್ಟರಲ್ಲಿ ಅಮ್ಮ ಫೋನು ಇಸಿದುಕೊಂಡಳು.

"ನಿಮ್ಮಕ್ಕ ಹೆಂಗವ್ಳಮ್ಮಾ? ಎದ್ದು ಓಡಾಡ್ತವ್ಳಾ?"

"ಅಜ್ಜಿ, ಅಕ್ಕ ಅಂತ ಯಾರೂ ಇಲ್ಲ. ಅದು ಸುಮ್ನೆ ಶೂಟ್‌ಗೋಸ್ಕರ ಹೇಳಿದ್ದು."

"ಬಾಣಂತಿನೇ ಇಲ್ವಾ?"

ಹುಡುಗಿ ಸಾರಿ ಅಂದಳು. ಅಮ್ಮ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋಗಿ, ಮುಚ್ಚಿಟ್ಟಿದ್ದ ಖಾರವನ್ನು ಗಿಡದ ಬುಡಕ್ಕೆ ಸುರಿದಳು.

ಕಂಪನಿಯವರು ವಿಡಿಯೋ ತೆಗೆದುಹಾಕಿದರು. ಗೆದ್ದೆ ಅಂದುಕೊಂಡೆ. ಮಹಡಿಗೆ ಹೋಗುವ ಮೆಟ್ಟಿಲ ಬಳಿ, ಒಪ್ಪಿಗೆಯಿಲ್ಲದೆ ಶೂಟಿಂಗ್ ಮಾಡಿದರೆ ಮನೆ ಖಾಲಿ ಮಾಡಿಸಲಾಗುವುದು ಎಂದು ದಪ್ಪಕ್ಷರದ ಬೋರ್ಡೂ ಹಾಕಿಸಿದೆ.

ಸ್ವಲ್ಪ ದಿನಕ್ಕೆ ಹಿಂದಿನ ಮನೆಯಾಕೆಯ ಮಗಳಿಗೆ ಹೆರಿಗೆಯಾಯಿತು. ಆ ಮಗಳು ಹುಟ್ಟಿದಾಗ ಆಕೆಯೂ ಅಮ್ಮನ ಖಾರ ತಿಂದೇ ಎದ್ದವಳು. ಈ ಸಲ ಹೇಳಿಕಳಿಸಲಿಲ್ಲ. ಅಮ್ಮ ಕಾದು ಕಾದು ತಾನೇ ಹೋಗಿ ಬಾಣಂತಿಯನ್ನು ನೋಡಿಕೊಂಡು ಬಂದಳು. ಬಂದು ಕುಟ್ಟಿ, ತುಪ್ಪ ಹಾಕಿ ಕಲಸಿ, ಬಟ್ಟಲು ಹಿಡಿದು ಹೊರಟಳು. ನಾನೂ ಜೊತೆಗೆ ಹೋದೆ.

ಹಿಂದಿನ ಮನೆಯಾಕೆ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗಿಟ್ಟಳು. ಬರುವಾಗ ಪರ್ಸು ಹಿಡಿದುಕೊಂಡು ಬಂದಳು. ಮನಸ್ಸಿನಲ್ಲಿ ಕೊಂಕಿರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಇದಕ್ಕೆಷ್ಟಾಯ್ತಕ್ಕಾ? ಪ್ಯಾಕೆಟ್ಟಿನಷ್ಟೇನಾ?" ಅಂದಳು.

ಅಮ್ಮ ಬೇಡ ಎಂಬಂತೆ ಕೈಯಾಡಿಸಿದಳು. ಮನೆಗೆ ಬಂದವಳೇ ಅಮ್ಮ ಒರಳು ತೊಳೆದು ಒನಕೆಯನ್ನು ನನ್ನ ಕೈಗೆ ಕೊಟ್ಟಳು.

"ಅಟ್ಟಕ್ಕೆ ಹಾಕ್ಬಿಡಮ್ಮ," ಅಂದಳು.