ಕರು ಕೇಳಿದರೆ ಕುರಿಗಳ ಕಿವಿ ನೋಡಿದ ಡೇಟಾಬೇಸ್

ಗೆಳೆಯರೇ, ಇವತ್ತು ಚಳ್ಳಕೆರೆಯಲ್ಲಿ ನನ್ನ ಗೆಳತಿಯ ಪಶು ಚಿಕಿತ್ಸಾಲಯದ ಮುಂದೆ ಒಂದು ಕರುವಿಗೆ ಇಬ್ಬರು ಒಡೆಯರು. ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನಲ್ಲಿ ಸಿಕ್ಕ ಕರು ತನ್ನದೆಂದು ಬೋರಯ್ಯ, ತನ್ನದೆಂದು ಪಾಲಮ್ಮ.

"ಕಿವಿಯೋಲೆ ನಂಬರ್ ಹಾಕಿ ನೋಡವ್ವ," ಎಂದರು ಪಾಲಮ್ಮ.

ಪ್ರಾಣಿಗಳ ಕಿವಿಗೆ ಹಾಕುವ ಗುರುತಿನ ಓಲೆಯ ನಂಬರ್, ಒಡೆಯರ ಹೆಸರು ಇರುವ ಅಲ್ಲಿನ ಡೇಟಾಬೇಸ್ ನಾನೇ ಮಾಡಿದ್ದು. ಅದರಲ್ಲಿ 'ಪ್ರಾಣಿ' ಎಂಬುದು ತಾಯಿ ಟೇಬಲ್, ಅಂದರೆ ಮುಖ್ಯ ಪಟ್ಟಿ. ದನ, ಕುರಿ, ಮೇಕೆ ಅದರ ಮಕ್ಕಳು. ನಾನು ಒಳಗೆ ಕಂಪ್ಯೂಟರ್ ಮುಂದೆ ಕುಳಿತು, ಕ್ವೆರಿ ಎಂಬ ಹುಡುಕುವ ಆದೇಶ ಬರೆದು ತಾಯಿಯನ್ನು ಕೇಳಿದೆ. ಅದು ಒಂದೊಂದೇ ಮಗುವಿನ ಟೇಬಲ್‌ಗೆ ಹೋಗಿ ಸಾಲುಸಾಲಾಗಿ ಹುಡುಕತೊಡಗಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಕಿಟಕಿಯಿಂದ ಗಾಳಿ ಬೀಸಿ ನನಗೆ ಜೊಂಪು ಹತ್ತಿತು. ತಾಲ್ಲೂಕಿನ ಕುರಿಗಳೆಲ್ಲ ಮೆಲ್ಲಗೆ ಬಂದು, ಕಿವಿ ತೋರಿಸಿ ಹೋಗುತ್ತಿದ್ದಂತೆ ಕಂಡಿತು.

"ಎಲ್ಲಿಗೆ ಹೋಗೈತ್ರೀ ಅದು?" ಎಂದರು ಕಿಟಕಿಯಾಚೆಯಿಂದ ಬೋರಯ್ಯ.

"ಕುರಿಗಳ ಕಿವಿ ನೋಡ್ತೈತೆ," ಎಂದೆ.

ಹುಡುಕಾಟ ನಿಲ್ಲಿಸಿ ದನಗಳ ಟೇಬಲ್ ಒಂದನ್ನೇ ಕೇಳಿದೆ. ತಕ್ಷಣ ಹೆಸರು ಬಂತು: ಪಾಲಮ್ಮ.

ಬೋರಯ್ಯ ಕರುವಿನ ಬೆನ್ನು ಸವರುತ್ತ, "ನಮ್ದರಂಗೇ ಐತೆ," ಎಂದು ಪಕ್ಕಕ್ಕೆ ಸರಿದರು. ಪಾಲಮ್ಮ ಹಗ್ಗ ಹಿಡಿದು, "ಬಾರಣ್ಣ, ನಿನ್ ಕರೂನೂ ಹುಡುಕಾಣ," ಎಂದರು.

"ಎಲ್ಲಿ ಹುಡುಕ್ತೀರಿ?" ಎಂದೆ.

"ಇಡೀ ಕಾವಲೇ ಐತಲ್ಲವ್ವ."

ಅಷ್ಟು ಹುಲ್ಲನ್ನು ಬೇಗ ಹುಡುಕುವ ಕ್ವೆರಿ ಬರೆಯಲು ನನಗಿನ್ನೂ ಬರುವುದಿಲ್ಲ.